ಅಂಗೈ ಕೆಳಗಿನ ಅಂಗೈ

ಅಂದು ಬೆಳಗಿನ ಪೂಜೆಯಲ್ಲಿ ಶಂಭುಲಿಂಗಪ್ಪನವರ ಎಡಗೈಯಿಂದ ಇಷ್ಟಲಿಂಗ ಜಾರಿ ಮಣೆಯ ಮೇಲೆ ಬಿತ್ತು. ಐವತ್ತು ವರ್ಷದಲ್ಲಿ ಎಂದೂ ಬಿದ್ದಿರಲಿಲ್ಲ. ಎತ್ತಿ ಕಣ್ಣಿಗೊತ್ತಿಕೊಂಡವರು ಅಂದು ಊಟ ಮಾಡಲಿಲ್ಲ. ಬಾಗಿಲಲ್ಲಿದ್ದ ಹೆಂಡತಿ ಗಿರಿಜಾದೇವಿ ಕಂಡೂ ಕಾಣದವಳಂತೆ ಒಳಗೆ ಹೋದಳು.

ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಹಳೆಯ ಮಾತ್ರೆ ನಡುಕವನ್ನು ತಡೆಯುತ್ತಿತ್ತು, ಅಷ್ಟೇ. ಒಳಗೆ ಕಾಯಿಲೆ ತನ್ನ ಪಾಡಿಗೆ ಬೆಳೆಯುತ್ತಿತ್ತು. ಆ ಬೆಳವಣಿಗೆಯನ್ನೇ ನಿಧಾನ ಮಾಡೀತೆಂಬ ಹೊಸ ಔಷಧದ ಪರೀಕ್ಷೆಗೆ ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ಸೇರಿ ವರ್ಷವಾಗಿತ್ತು. ಈಗ ಡಾಕ್ಟರು ಹೇಳಿದಂತೆ ಹದಿನೈದು ದಿನ ಹಳೆಯದು ಹೊಸದು ಎರಡೂ ಬಂದ್. ಮಾತ್ರೆಯ ಮುಸುಕು ಸರಿದರಲ್ಲವೇ ಕಾಯಿಲೆಯ ನಿಜವಾದ ಮುಖ ಕಾಣುವುದು?

ಮರುದಿನದಿಂದ ಗಿರಿಜಾದೇವಿ ಹಳೆಯ ಮಾತ್ರೆಯನ್ನು ಪುಡಿಮಾಡಿ, ಅವರು ಎದ್ದೊಡನೆ ಕುಡಿಯುವ ಜೀರಿಗೆ ನೀರಿನಲ್ಲಿ ಕದಡಿದಳು. ಲಿಂಗ ಅಂಗೈಯಲ್ಲಿ ನಿಂತಿತು.

ಪರೀಕ್ಷೆಯ ದಿನ ಡಾಕ್ಟರ್ ಶರಣ್ಯಾ ಬೆರಳಿಗೆ ಬೆರಳು ತಟ್ಟಿಸಿದಳು, ಮುಷ್ಟಿ ಬಿಚ್ಚಿಸಿದಳು, ಕುರ್ಚಿಯಿಂದ ಎಬ್ಬಿಸಿ ನಡೆಸಿದಳು.

"ಕುಸ್ತಿಗೆ ಕಳಿಸ್ತೀಯೇನಮ್ಮ?"

"ಗೆಲ್ತೀರಾ ಬಿಡಿ ಸಾರ್!"

ಹೊರಗೆ ಬಂದವರ ಕಣ್ಣು ತುಂಬಿತ್ತು. "ಕಾಯಿಲೆ ನಿಂತಿದೆ ಕಣೇ. ದುಂಡಪ್ಪಂಗೆ ಫೋನ್ ಮಾಡು. ಅವನ ಕೈಗೂ ನಡುಕ ಶುರುವಾಗಿದೆಯಲ್ಲ, ಇದೇ ಔಷಧಿ ಕೊಡ್ಸೋಣ."

ತನ್ನ ತಮ್ಮನ ಹೆಸರು ಕೇಳಿದ್ದೇ ಗಿರಿಜಾದೇವಿ ತೆಗೆದ ಫೋನನ್ನು ಮತ್ತೆ ಚೀಲಕ್ಕೆ ಹಾಕಿದಳು. "ಒಂದ್ನಿಮಿಷ ಕೂತಿರಿ ರೀ," ಎಂದು ಒಳಗೆ ಹೋಗಿ ಎಲ್ಲ ಹೇಳಿಬಿಟ್ಟಳು.

ಶರಣ್ಯಾ ಪೆನ್ನು ಕೆಳಗಿಟ್ಟಳು. "ಇದು ಅವರೊಬ್ರ ವಿಷಯ ಅಲ್ಲ ಆಂಟಿ. ನಾವು ಬರೆದಿದ್ದನ್ನ ನಂಬಿ ನಾಳೆ ಸಾವಿರಾರು ಜನ ಈ ಔಷಧಿ ನುಂಗ್ತಾರೆ. ನಡೆದಿದ್ದು ನಡೆದ ಹಾಗೇ ಬರೀತೀನಿ. ಮೇಲಿನವರು ಒಪ್ಪಿದ್ರೆ ಮತ್ತೆ ಹದಿನೈದು ದಿನ."

ಕುರುಬರಹಳ್ಳಿಯ ಮನೆಗೆ ಹೋಗುವ ಆಟೋದಲ್ಲಿ ಆಕೆ ಗಂಡನಿಗೂ ಎಲ್ಲ ಹೇಳಿದಳು. ಇಳಿಯುವಾಗ ಶಂಭುಲಿಂಗಪ್ಪ ಕೇಳಿದರು: "ಹಾಗಾದ್ರೆ ಲಿಂಗ ಹಿಡಿದದ್ದು ನಾನಲ್ಲ?"

ಆಕೆ ಆಟೋದವನಿಗೆ ದುಡ್ಡು ಎಣಿಸಿ ಕೊಟ್ಟಳು.

ಮೇಲಿನವರು ಒಪ್ಪಿದರು. ಈ ಸಲ ಬರೀ ಜೀರಿಗೆ ನೀರು. ಐದನೆಯ ದಿನ ಕೈ ಗಡಗಡ ನಡುಗಿತು. ಗಿರಿಜಾದೇವಿ ಪಕ್ಕದಲ್ಲಿ ಕುಳಿತು, ಲಿಂಗವನ್ನು ಮುಟ್ಟದೆ, ಅವರ ಅಂಗೈ ಕೆಳಗೆ ತನ್ನ ಅಂಗೈ ಕೊಟ್ಟಳು. ನಡುಕ ಅವಳ ಮೊಣಕೈವರೆಗೂ ಏರಿತು. ಲಿಂಗ ಬೀಳಲಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ಕುರ್ಚಿಯಿಂದ ಏಳಲು ಮೂರು ಸಲ ಪ್ರಯತ್ನಿಸಬೇಕಾಯಿತು. ಶರಣ್ಯಾ ತಲೆ ಎತ್ತದೆ ಬರೆದುಕೊಂಡಳು.

"ವರ್ಷದ ಹಿಂದಿಗಿಂತ ಕೆಟ್ಟಿದೆಯಲ್ಲಮ್ಮ?"

"ಹೌದು ಸಾರ್. ಹೋಲಿಸಿ ನೋಡೋಕೆ ಕೆಲವರಿಗೆ ಬರೀ ಹಿಟ್ಟಿನ ಮಾತ್ರೆ ಕೊಟ್ಟಿರ್ತಾರೆ. ನಿಮಗೆ ಕೊಟ್ಟಿದ್ದು ಔಷಧಿನೋ ಹಿಟ್ಟಿನ ಮಾತ್ರೆನೋ, ನನಗೂ ಗೊತ್ತಿಲ್ಲ. ಎಲ್ಲರದ್ದೂ ಸೇರಿಸಿ ನೋಡಿದ ಮೇಲೇ ತಿಳಿಯೋದು."

ಮೆಟ್ಟಿಲ ಬಳಿ ಅವರು ನಿಂತರು. "ದುಂಡಪ್ಪಂಗೆ ಏನು ಹೇಳ್ಲೇ?"

"ಇನ್ನೂ ಗೊತ್ತಾಗಿಲ್ಲ ಅಂತ ಹೇಳಿ."

ಅವರು ಕೈ ಚಾಚಿದರು. ಆಕೆ ಕೆಳಗಿನಿಂದ ಹಿಡಿದುಕೊಂಡಳು.