ಸುಣ್ಣವಿಲ್ಲದ ತಟ್ಟೆ

"ಅವತ್ತು ಸುಣ್ಣ ಯಾರೂ ಮರೆತಿರಲಿಲ್ಲ ಕಣೇ. ನಾನೇ ತೆಗೆದಿಟ್ಟೆ" ಎಂದು ಕಾಹಿ ಹೇಳಿದಾಗ ಡೋರ್ಕಾಸ್ ದಾರಿ ಬದಿಯ ಕಲ್ಲಿನ ಮೇಲೆ ಕೂತು ಅಂಗಾಲಿನ ಮುಳ್ಳು ಕೀಳುತ್ತಿದ್ದಳು. ಮುಳ್ಳು ಬಂತು. ಅದನ್ನು ಬೆರಳ ತುದಿಯಲ್ಲಿಟ್ಟು ನೋಡಿ ಬಿಸಾಡಿದಳು. ಬೂಟು ಹಾಕಿಕೊಂಡಳು, ಬೆನ್ನುಚೀಲ ಏರಿಸಿಕೊಂಡಳು, ಗೆಳತಿಯತ್ತ ತಿರುಗಿಯೂ ನೋಡದೆ ಪಡುವಣಕ್ಕೆ ನಡೆದಳು.

ಅವರು ಮೂಡಣ ಕರಾವಳಿಯ ತಮ್ಮೂರು ವೈಂಗಾಪು ಬಿಟ್ಟು ಅವತ್ತಿಗೆ ಒಂಬತ್ತನೆಯ ದಿನ. ಸುಂಬಾ ದ್ವೀಪವನ್ನು ಈ ಕಡಲಿಂದ ಆ ಕಡಲಿನ ತನಕ ನಡೆದು ದಾಟಬೇಕೆಂದು ಹದಿನೆಂಟರಲ್ಲಿ ಆಡಿಕೊಂಡ ಮಾತು ಕೈಗೂಡಿದ್ದು ಐವತ್ತೆಂಟಕ್ಕೆ, ಡೋರ್ಕಾಸ್ ನರ್ಸ್ ಕೆಲಸದಿಂದಲೂ ಕಾಹಿ ಶಾಲೆಯಿಂದಲೂ ನಿವೃತ್ತರಾದ ಮೇಲೆ. ದಾರಿಯಲ್ಲಿ ಬೈಕಿನವರು ನಿಲ್ಲಿಸಿ, "ಅಜ್ಜೀರಾ, ಬಸ್ಸಿದೆಯಲ್ಲ, ನಡೆಯೋ ಕರ್ಮ ಯಾಕೆ?" ಎಂದು ಕೇಳುತ್ತಿದ್ದರು. "ನಿನ್ನ ಬೈಕಿಗಿಂತ ನನ್ನ ಮಂಡಿ ವಾಸಿ, ಹೋಗಯ್ಯಾ" ಎನ್ನುವುದು ಡೋರ್ಕಾಸಳ ಸಿದ್ಧ ಉತ್ತರ. ಸಂಜೆಯಾದರೆ ಆ ಮಂಡಿಗೆ ಎಣ್ಣೆ ತಿಕ್ಕುವವಳು ಮಾತ್ರ ಕಾಹಿ.

ಮೊನ್ನೆ ವೈಕಾಬುಬಾಕ್‌ನ ಕಾಫಿ ಅಂಗಡಿಯಲ್ಲಿ ಮಾಲೋ ತೀರಿಕೊಂಡ ಸುದ್ದಿ ಸಿಕ್ಕಿತ್ತು. ಸತ್ತು ಎಂಟು ತಿಂಗಳು. ಗೋರಿಯ ಕಲ್ಲು, ಬಲಿಯ ಕೋಣಗಳು ಒದಗಿ ಬರದೆ ಇನ್ನೂ ಮಣ್ಣು ಮಾಡಿರಲಿಲ್ಲ. ಅಲ್ಲಿಯ ರೂಢಿಯಂತೆ ಹೆಣಕ್ಕೆ ಬಟ್ಟೆ ಸುತ್ತಿ ಮನೆಯಲ್ಲೇ ಕೂರಿಸಿದ್ದರು. "ಅವನ ಮನೆ ಹೇಗೂ ದಾರೀಲೇ ಇದೆ. ಒಂದ್ಸಲ ನೋಡ್ಕೊಂಡು ಹೋಗೋಣ" ಎಂದಿದ್ದಳು ಡೋರ್ಕಾಸ್, ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತ. ಆಗಿನಿಂದ ಕಾಹಿಗೆ ಊಟ ಸೇರುತ್ತಿರಲಿಲ್ಲ.

ಮೂವತ್ತೆಂಟು ವರ್ಷದ ಹಿಂದೆ ಇದೇ ಮಾಲೋ, ಕುದುರೆಗಳನ್ನೂ ಹನ್ನೆರಡು ಮಂದಿ ನೆಂಟರನ್ನೂ ಕಟ್ಟಿಕೊಂಡು, ಇಡೀ ದ್ವೀಪ ದಾಟಿ ಡೋರ್ಕಾಸಳನ್ನು ಕೇಳಲು ಬಂದಿದ್ದ. ಬಂದವರ ಮುಂದೆ ಮಾತಿಗಿಂತ ಮೊದಲು ವೀಳ್ಯದ ತಟ್ಟೆ ಇಡಬೇಕು. ತಟ್ಟೆ ಜೋಡಿಸಿದವಳು ಡೋರ್ಕಾಸಳ ತಾಯಿ, ತಂದಿಟ್ಟವಳು ಕಾಹಿ. ಅದರಲ್ಲಿ ಅಲ್ಲಿನವರು ಎಲೆಯ ಬದಲು ಜಗಿಯುವ ವೀಳ್ಯದ ಕಾಯಿ ಇತ್ತು, ಅಡಿಕೆ ಇತ್ತು, ಸುಣ್ಣ ಇರಲಿಲ್ಲ. ಸುಣ್ಣವಿಲ್ಲದೆ ಬಾಯಿ ಕೆಂಪಾಗುವುದಿಲ್ಲ. ಹಾಗೆ ವೀಳ್ಯ ಕೊಡುವುದೆಂದರೆ ನಿಮ್ಮ ಸಂಬಂಧ ನಮಗೆ ಬೇಡ ಎಂದು ಮುಖಕ್ಕೇ ಹೇಳಿದ ಹಾಗೆ. ಮಾಲೋನ ಹಿರಿಯರು ತಟ್ಟೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಎದ್ದರು. ತಡೆಯಬೇಕಾಗಿದ್ದ ಈ ಮನೆಯ ಗಂಡಸರಿಗೂ ರೋಷ ಏರಿ, "ಹೋಗೋರು ಹೋಗ್ಲಿ ಬಿಡಿ" ಎಂದರು. ಒಂದು ಚಿಟಿಕೆ ಸುಣ್ಣಕ್ಕೆ ಮದುವೆ ಮುರಿದುಬಿತ್ತು. ಆಮೇಲೆ ಡೋರ್ಕಾಸ್ ಯಾರನ್ನೂ ಒಪ್ಪಲಿಲ್ಲ.

ಗೋಡಂಬಿ ತೋಟದ ಹತ್ತಿರ ಕಾಹಿ ಏದುಸಿರು ಬಿಡುತ್ತ ಅವಳನ್ನು ಕೂಡಿಕೊಂಡಳು.

"ಬೈಯೇ. ಎರಡು ಏಟು ಹೊಡಿ. ಹೀಗೆ ಸುಮ್ನಿರಬೇಡ."

"ಯಾಕೆ ಮಾಡ್ದೆ?"

"ನೀನು ಅಷ್ಟು ದೂರ ಹೋಗ್ಬಿಟ್ರೆ ನನಗ್ಯಾರಿದ್ರು ಹೇಳು? ಒಂದೆರಡು ದಿನ ಮುನಿಸ್ಕೊಂಡು ಮತ್ತೆ ಬರ್ತಾರೆ ಅಂದ್ಕೊಂಡೆ. ಎದ್ದೇ ಹೋಗ್ತಾರೆ ಅಂತ ಗೊತ್ತಿರ್ಲಿಲ್ಲ."

"ನೀನು ಮಾತ್ರ ಎರಡೇ ವರ್ಷಕ್ಕೆ ಮದ್ವೆ ಆದೆ."

ಕಾಹಿ ತಲೆ ತಗ್ಗಿಸಿದಳು. ಡೋರ್ಕಾಸ್ ಚೀಲದ ಪಟ್ಟಿ ಬಿಗಿ ಮಾಡಿಕೊಂಡಳು.

"ನನ್ನ ವಿಷ್ಯ ಹಾಳಾಗ್ಲಿ. ನಾನೇನು ಅಳ್ತಾ ಕೂತಿರ್ಲಿಲ್ಲ, ಊರಿನ ಅರ್ಧ ಮಕ್ಕಳ ಹೆರಿಗೆ ಮಾಡ್ಸಿದೀನಿ. ಅಮ್ಮಂದೇನು? ಸಾಯೋ ದಿನಾನೂ ಕೈ ನೋಡ್ಕೊಂಡು ಕೇಳಿದ್ಳು, 'ಸುಣ್ಣ ಇಟ್ಟಿದ್ನಲ್ಲೇ, ಇಟ್ಟ ಹಾಗೇ ನೆನಪು' ಅಂತ. ನಾನು ಏನಂದೆ ಗೊತ್ತಾ? 'ನೀನೇ ಮರೆತಿದ್ದೆ ಬಿಡಮ್ಮಾ, ಆಗಿದ್ದಾಯ್ತು' ಅಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ ಹಾಗೆ ಹೇಳ್ದೆ. ಅವಳಿಗೀಗ ಯಾರು ಹೇಳ್ತಾರೆ?"

ಉಳಿದ ದಾರಿಯನ್ನು ಇಬ್ಬರೂ ಹಿಂದು ಮುಂದಾಗಿ ನಡೆದರು.

ಮಾಲೋನ ಮನೆಯ ಅಂಗಳದ ತುಂಬ ಕಲ್ಲಿನ ಗೋರಿಗಳಿದ್ದವು. ಒಂದರ ಮೇಲೆ ಜೋಳ ಒಣಗಲು ಹರಡಿತ್ತು. ಅವನ ಹೆಂಡತಿ ತಿಲಾ ಇಬ್ಬರನ್ನೂ ಒಳಗೆ ಕರೆದು ಚಾಪೆ ಹಾಸಿದಳು. ಮೂಲೆಯಲ್ಲಿ ಒಂದರ ಮೇಲೊಂದು ಬಟ್ಟೆ ಸುತ್ತಿಸಿಕೊಂಡು ಮಾಲೋ ಇದ್ದ. ಮಣ್ಣಾಗುವ ತನಕ ಸತ್ತವರೂ ಮನೆಯವರೇ. ತಿಲಾ ಆ ಕಡೆ ತಿರುಗಿ, "ನೋಡಿ, ಮೂಡಣದಿಂದ ನೆಂಟ್ರು ಬಂದಿದಾರೆ, ನಡ್ಕೊಂಡೇ ಬಂದಿದಾರಂತೆ" ಎಂದು ಹೇಳಿ ಅವನ ಮುಂದೊಂದು ಲೋಟ ಕಾಫಿ ಇಟ್ಟಳು. ಆಮೇಲೆ ವೀಳ್ಯದ ತಟ್ಟೆ ತಂದು ಗೆಳತಿಯರ ನಡುವೆ ಇಟ್ಟಳು. ಅದರಲ್ಲಿದ್ದ ಸುಣ್ಣದ ಡಬ್ಬಿ ಮುಷ್ಟಿಗಿಂತ ದೊಡ್ಡದು, ಅಂಚಿನ ತನಕ ತುಂಬಿತ್ತು.

ಡೋರ್ಕಾಸ್ ತಟ್ಟೆಗೆ ಕೈ ಹಾಕಲಿಲ್ಲ. "ಹೇಳು" ಎಂದಳು.

"ಯಾರಿಗೆ?"

"ಅವನಿಗೆ. ಇವತ್ತಲ್ಲ ನಾಳೆ ಮಣ್ಣಾಗಿ ಸತ್ತೋರೆಲ್ಲ ಇರೋ ಕಡೆ ಹೋಗೋನೇ ತಾನೆ? ಅಮ್ಮ ಅಲ್ಲೇ ಇದಾಳೆ. ಹೇಳಿ ಕಳ್ಸು."

ಕಾಹಿ ತಿಲಾಳ ಮುಖ ನೋಡಿದಳು. ಈ ಹೆಂಗಸಿನ ಮುಂದೆ ಹೇಗೆ ಬಾಯಿ ಬಿಡುವುದು ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಮೊಣಕಾಲಿನ ಮೇಲೆ ಸರಿದು ಮೂಲೆಯ ಹತ್ತಿರ ಹೋದಳು.

"ಮಾಲೋ, ನಾನು ಕಾಹಿ. ಅವತ್ತು ತಟ್ಟೆ ತಂದವಳು. ಸುಣ್ಣ ಇತ್ತಪ್ಪಾ. ಅಮ್ಮ ಇಟ್ಟಿದ್ರು, ನಾನು ಬಾಗಿಲ ಹಿಂದೆ ತೆಗೆದಿಟ್ಟೆ. ಅಲ್ಲಿ ಅವರು ಸಿಕ್ರೆ ಹೇಳು, ನೀವು ಮರೆತಿರ್ಲಿಲ್ಲ, ನಿಮ್ಮ ಕೈ ತಪ್ಪಲ್ಲ, ಆ ಕಾಹಿ ಮಾಡಿದ್ದು ಅಂತ. ಹೆಸರು ಹೇಳಿಯೇ ಹೇಳು." ಸೆರಗಿಲ್ಲದ ಅಂಗಿಯ ತೋಳಿಗೇ ಮುಖ ಒತ್ತಿಕೊಂಡು ಅತ್ತಳು.

ಅಂಗಳದ ಕೋಳಿ ಜೋಳಕ್ಕೆ ಬಾಯಿ ಹಾಕಿತು. ತಿಲಾ ಅದನ್ನು ಓಡಿಸಲಿಲ್ಲ.

"ಕುಡಿದಾಗೆಲ್ಲ ಇವರು 'ಸುಣ್ಣ ಇಲ್ಲ, ಸುಣ್ಣ ಇಲ್ಲ' ಅಂತಿದ್ರು" ಎಂದಳು ಕೊನೆಗೆ. "ನನ್ನ ತಟ್ಟೇಲಿ ಕಮ್ಮಿ ಆಯ್ತೇನೋ ಅಂತ ನಾನು ದಿನಾ ಇನ್ನೊಂದಿಷ್ಟು ತುಂಬ್ತಿದ್ದೆ. ಮೂವತ್ತೈದು ವರ್ಷ ತುಂಬಿದೀನಿ, ಅಕ್ಕಾ."

ಡೋರ್ಕಾಸ್ ಅವಳ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಡಬ್ಬಿಯಿಂದ ಒಂದು ಚಿಟಿಕೆ ಸುಣ್ಣ ತೆಗೆದು ಮಾಲೋನ ಲೋಟದ ಪಕ್ಕ ಇಟ್ಟಳು. "ಇದು ಅಮ್ಮಂಗೆ" ಎಂದಳು. ಆಮೇಲೆ ತಾನು ವೀಳ್ಯ ಹಾಕಿಕೊಂಡು ಡಬ್ಬಿಯನ್ನು ಚಾಪೆಯ ಮೇಲೆ ಇಟ್ಟಳು, ಮುಚ್ಚಳ ಹಾಕದೆ.

ಕಾಹಿ ಅಡಿಕೆ, ಕಾಯಿ ಎರಡನ್ನೇ ಬಾಯಿಗೆ ಹಾಕಿಕೊಂಡು ಕೂತಿದ್ದಳು. ಬಾಯೆಲ್ಲ ಒಗರಾದರೂ ಸುಣ್ಣಕ್ಕೆ ಕೈ ಚಾಚಲಿಲ್ಲ. ಡೋರ್ಕಾಸ್ ಅವಳತ್ತ ನೋಡಲಿಲ್ಲ. ಅಂಗಳದ ಕೋಳಿಯನ್ನೇ ನೋಡುತ್ತ, ಅಗಿಯುತ್ತ, ಆ ನೋಯುವ ಮಂಡಿಯಿಂದಲೇ ಡಬ್ಬಿಯನ್ನು ಒಂದು ಗೇಣು ಅವಳ ಕಡೆ ನೂಕಿದಳು.