ಕೊನೆಯ ಅಧ್ಯಾಯ ಓದಿದವಳು

ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಇವಳ ಕೆಲಸ. ಎದುರಿನ ಕುರ್ಚಿಯಲ್ಲಿ ಕೂತವರ ಕೈಗೆ ಸಣ್ಣ ಅಕ್ಷರದ ಕಾರ್ಡು ಕೊಟ್ಟು, "ಅವಸರ ಬೇಡ, ನಿಧಾನಕ್ಕೆ ಓದಿ, ಒಂದು ಸಾಲೂ ಬಿಡಬೇಡಿ" ಎಂದು ದಿನವಿಡೀ ಹೇಳುತ್ತಿರುತ್ತಾಳೆ. ಆ ಮಾತನ್ನು ತನಗೆ ತಾನೇ ಒಮ್ಮೆಯಾದರೂ ಹೇಳಿಕೊಂಡಿದ್ದರೆ ಇಷ್ಟೆಲ್ಲ ಫಜೀತಿ ಆಗುತ್ತಿರಲಿಲ್ಲ.

ಆದದ್ದೇನೆಂದರೆ, ಇವಳಿದ್ದ ಒಂದು ವಾಟ್ಸಾಪ್ ಗುಂಪಿನವರು ವರ್ಷಕ್ಕೆ ಐವತ್ತು ಪುಸ್ತಕ ಓದುವ ಪಂದ್ಯ ಕಟ್ಟಿದರು. ಪುಸ್ತಕ ಮುಗಿಸಿದವರು ಅದರ ಫೋಟೊ ಹಾಕಿ, ಕೆಳಗೆ ನಾಲ್ಕು ಸಾಲು ಅನಿಸಿಕೆ ಬರೆಯಬೇಕು. ಮೊದಮೊದಲು ಇವಳು ನಿಯತ್ತಾಗಿಯೇ ಓದಿದಳು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು "ನಮ್ಮ ಅಕ್ಕ ಎಕ್ಸ್‌ಪ್ರೆಸ್ ರೈಲು!" ಎಂದು ಬರೆದುಬಿಟ್ಟರು. ಅವತ್ತಿನಿಂದ ಗುಂಪಿನಲ್ಲಿ ಇವಳು ಎಕ್ಸ್‌ಪ್ರೆಸ್ ಅಕ್ಕ. ಹೊಗಳಿಕೆ ನೆತ್ತಿಗೇರಿತು. ಎಕ್ಸ್‌ಪ್ರೆಸ್ ಅನ್ನಿಸಿಕೊಂಡ ಮೇಲೆ ಎಲ್ಲ ನಿಲ್ದಾಣದಲ್ಲೂ ನಿಲ್ಲಲಾಗುತ್ತದೆಯೇ? ಮೊದಲ ಅಧ್ಯಾಯ, ನಡುವೆ ಬೆರಳು ಹೋದ ಕಡೆ ಒಂದೆರಡು ಪುಟ, ಕೊನೆಯ ಪುಟ; ಪುಸ್ತಕ ಮುಗಿಯಿತು.

ಒಂದು ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಯಾರೆಂದು ಮೊದಲು ನೋಡಿಕೊಂಡು, ಆಮೇಲೆ ಸತ್ತವರು ಯಾರೆಂದು ಹುಡುಕಿದಳು. ನಾವಿಕನೊಬ್ಬನ ಆತ್ಮಕಥೆಯಲ್ಲಿ ಅವನು ಹಡಗು ಹತ್ತಿದ್ದೂ ಗೊತ್ತು, ಇಳಿದದ್ದೂ ಗೊತ್ತು. ನಡುವಿನ ಸಮುದ್ರವನ್ನು ಇವಳು ಕಾಲು ಒದ್ದೆಯಾಗದಂತೆ ದಾಟಿದ್ದಳು. "ಮನುಷ್ಯ ಸಂಬಂಧಗಳ ಸೂಕ್ಷ್ಮಗಳನ್ನು ಪದರ ಪದರವಾಗಿ ಬಿಡಿಸಿಡುವ ಕೃತಿ" ಎಂಬ ಸಾಲೊಂದು ಇವಳ ಕೈವಶವಾಗಿತ್ತು. ಅದನ್ನು ಜೇನು ಸಾಕಣೆಯ ಪುಸ್ತಕಕ್ಕೂ ಹಾಕಿದಳು. ಯಾರೂ ಚಕಾರವೆತ್ತಲಿಲ್ಲ, ಬದಲಿಗೆ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದವು.

ಗಂಡ ಮಾತ್ರ ಸೋಫಾದ ಆ ತುದಿಯಿಂದ ಕೇಳುತ್ತಿದ್ದ. "ಪುಸ್ತಕ ಓದ್ತಿದ್ದೀಯೋ, ಗಾಳಿ ಹಾಕ್ಕೊಳ್ತಿದ್ದೀಯೋ? ಇಲ್ಲೀವರೆಗೂ ತಂಪು ಬರ್ತಿದೆ."

"ನಿಮಗೆ ಹೊಟ್ಟೆಕಿಚ್ಚು" ಎನ್ನುತ್ತಿದ್ದಳು ಇವಳು, ಪುಟ ಹಾರಿಸುತ್ತಲೇ.

ವರ್ಷ ಮುಗಿಯುತ್ತ ಬಂದಾಗ ವಾರಗಿತ್ತಿಯ ಕಾದಂಬರಿ ಅಚ್ಚಾಗಿ ಬಂತು. ವಾರಗಿತ್ತಿ ಎಂದರೆ ಮೈದುನನ ಹೆಂಡತಿ. ಊರಿನ ಇನ್ನೊಂದು ತುದಿಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಬರೆಯುತ್ತಿದ್ದೇನೆ ಎಂಬ ಗುಟ್ಟನ್ನು ಗಂಡನಿಗಿಂತ ಮೊದಲು ಇವಳಿಗೆ ಹೇಳಿದ್ದಳು. "ಮನೇಲಿ ಓದೋರು ಅಂತ ಇರೋದು ನೀವೊಬ್ಬರೇ ಅಕ್ಕ. ನೀವು ಓದಿ ಹೂಂ ಅಂದ್ರೆ ಇನ್ನೊಂದು ಬರೀತೀನಿ. ಇಲ್ಲಾಂದ್ರೆ ಸೂಜಿ ಹಿಡಿದುಕೊಂಡೇ ಇರ್ತೀನಿ" ಎಂದು ಮೊದಲ ಪ್ರತಿಯನ್ನು ಕೈಗಿಟ್ಟಳು. ಇವಳಿಗೆ ಹೆಮ್ಮೆಯಿಂದ ಎದೆಯುಬ್ಬಿತು. ನಾಲ್ಕು ಪುಟ ಓದಿ, ಮನೆಯವಳದ್ದೇ ತಾನೇ, ಎಲ್ಲಿಗೆ ಓಡಿಹೋಗುತ್ತದೆ, ಸಾವಕಾಶವಾಗಿ ಓದಿದರಾಯಿತು ಎಂದು ಕಪಾಟಿನಲ್ಲಿಟ್ಟಳು. ಈ ಒಂದಕ್ಕೆ ಕೊನೆಯ ಪುಟವನ್ನೂ ನೋಡಲಿಲ್ಲ. ಆದರೆ ಪಂದ್ಯದ ಗಡುವು ಹತ್ತಿರವಾಗಿತ್ತಲ್ಲ, ಫೋಟೊ ಹಾಕಿಬಿಟ್ಟಳು. ಮನೆಯವಳಿಗೆಂದು ಒಂದು ಹಿಡಿ ಹೆಚ್ಚೇ ಹಾಕಿ ಬರೆದಳು: "ಕೊನೆಯ ಅಧ್ಯಾಯ ಓದುವಾಗ ಕಣ್ಣು ತುಂಬಿ ಬಂತು."

ಗುಂಪಿನಲ್ಲಿ ಪುಸ್ತಕ ಕೊಂಡಿದ್ದವರೆಲ್ಲ ಹಿಂದೆಯೇ ಬಂದರು. "ನಿಜ, ಎಂಥ ಅಂತ್ಯ!" "ನಾನಂತೂ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ."

ಮರುದಿನ ಮಧ್ಯಾಹ್ನ ವಾರಗಿತ್ತಿ ಲ್ಯಾಬಿನ ಬಿಳಿ ಕೋಟಿನಲ್ಲೇ ಅಂಗಡಿಗೆ ಬಂದಳು. ಬಂದವಳೇ ಇವಳನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಮಾಲೀಕ ಫ್ರೇಮುಗಳ ಮರೆಯಿಂದ ಇಣುಕಿದ.

"ಅಕ್ಕ, ನನ್ನ ಜೀವ ಉಳಿಸಿದ್ರಿ!"

"ನಾನೇನು ಮಾಡಿದೆನೇ?"

"ಮೊನ್ನೆ ಸಕ್ಕರೆ ಪರೀಕ್ಷೆಗೆ ಬಂದಿದ್ದ ಒಬ್ಬ ಅಜ್ಜಿಗೆ ಪುಸ್ತಕ ಕೊಟ್ಟಿದ್ದೆ. ಇವತ್ತು ಬಂದು, 'ಏನಮ್ಮಾ, ಕಥೇನೇ ಮುಗಿಸಿಲ್ವಲ್ಲ, ರಕ್ತ ಪೂರ್ತಿ ತಗೊಂಡು ಕಥೆ ಅರ್ಧ ಕೊಡ್ತೀಯಾ?' ಅಂದ್ರು. ನೋಡಿದ್ರೆ ಬೈಂಡಿಂಗಿನವನು ಕೊನೆ ಅಧ್ಯಾಯ ಬಿಟ್ಟು, ಆ ಜಾಗದಲ್ಲಿ ಮೂರನೇ ಅಧ್ಯಾಯಾನೇ ಇನ್ನೊಂದು ಸಲ ಹೊಲಿದಿದ್ದಾನೆ. ಮನೆಗೆ ಓಡಿಹೋಗಿ ಅಲ್ಲಿದ್ದ ಅಷ್ಟೂ ಪುಸ್ತಕ ತೆಗೆದು ನೋಡಿದೆ. ಎಲ್ಲಾ ಹಾಗೇ!"

"ಮೊದಲೇ ನೋಡಲಿಲ್ವಾ ನೀನು?" ಇವಳ ದನಿ ಇವಳಿಗೇ ಕೇಳಿಸಲಿಲ್ಲ.

"ನಾಚಿಕೆ ಆಗಿತ್ತು ಅಕ್ಕ. ಹೆಸರಿನ ಪುಟ ನೋಡಿ ಮುಚ್ಚಿಟ್ಟಿದ್ದೆ. ಕೂತು ಅಳ್ತಿದ್ದೆ, ಆಗ ನಿಮ್ಮ ಮೆಸೇಜ್ ಯಾರೋ ಕಳಿಸಿದ್ರು. ಕೊನೆ ಅಧ್ಯಾಯ ಓದಿ ಅತ್ರಂತಲ್ಲ! ಅಂದ್ರೆ ನಿಮ್ಮದೊಂದು ಸರಿಯಾಗಿ ಬಂದಿದೆ. ಕೊಡಿ ಅಕ್ಕ, ಒಂದೇ ಸಲ ನೋಡ್ತೀನಿ. ನನ್ನ ಪುಸ್ತಕಾನ ಪೂರ್ತಿಯಾಗಿ ನಾನಿನ್ನೂ ಕಣ್ಣಲ್ಲಿ ನೋಡಿಲ್ಲ."

ಗುಂಪಿನಲ್ಲಿ ಪುಸ್ತಕ ಮುಚ್ಚಿ ಸುಮ್ಮನೆ ಕೂತವರೆಲ್ಲ ಇವಳ ಕಣ್ಣ ಮುಂದೆ ಹಾದುಹೋದರು. ಅಯ್ಯೋ, ಅವರೂ ಎಕ್ಸ್‌ಪ್ರೆಸ್‌ಗಳೇ! ನಗು ಬರಬೇಕಿತ್ತು, ಬಂದದ್ದು ಬೆವರು. "ಗೆಳತಿ ಒಬ್ಬಳು ಓದೋಕೆ ತಗೊಂಡು ಹೋಗಿದ್ದಾಳೆ ಕಣೇ" ಎಂದಳು. "ನಾಳೆ ತರಿಸ್ತೀನಿ."

"ನಾಳೆ ಸಂಜೆ ಲ್ಯಾಬಿಗೆ ತಂದುಕೊಡ್ತೀರಾ? ಜೋಪಾನ ಅಕ್ಕ. ಇರೋದು ಅದೊಂದೇ."

ಅವಳು ಹೋದ ಮೇಲೆ ಇವಳಿಗೆ ಒಬ್ಬರ ಕಣ್ಣನ್ನೂ ನೆಟ್ಟಗೆ ನೋಡಲಾಗಲಿಲ್ಲ. ಆ ಕೆಲಸದಲ್ಲಿ ಅದು ಸಣ್ಣ ತೊಂದರೆಯಲ್ಲ. ತಲೆನೋವೆಂದು ಹೇಳಿ ಬೇಗ ಮನೆಗೆ ಬಂದಳು. ಕಪಾಟಿನಿಂದ ಪುಸ್ತಕ ತೆಗೆದಳು. ದೇವರು ದೊಡ್ಡವನು, ಇದೊಂದು ಸರಿಯಾಗಿದ್ದರೂ ಇರಬಹುದು ಎಂದು ಹಿಂದಿನಿಂದ ತೆರೆದರೆ, ಮೂರನೆಯ ಅಧ್ಯಾಯವೇ ಹಲ್ಲು ಕಿರಿಯಿತು.

ಇನ್ನು ಉಳಿದದ್ದು ಸುಳ್ಳು. ಒಳ್ಳೆಯ ಸುಳ್ಳು ಹೇಳಬೇಕಾದರೆ ವಿಷಯ ಗೊತ್ತಿರಬೇಕಲ್ಲ. ಹಾಗಾಗಿ ಇವಳು ಓದಲು ಕೂತಳು. ವಾರಗಿತ್ತಿಯ ಕಾದಂಬರಿಯನ್ನು ಮೊದಲ ಸಲ ಓದಿದ್ದು ಇಂಥ ಘನಕಾರ್ಯಕ್ಕೆ.

ಇಬ್ಬರು ಹೆಂಗಸರು ಸೇರಿ ನಡೆಸುವ ಹೊಲಿಗೆ ಅಂಗಡಿಯ ಕಥೆ ಅದು. ದೊಡ್ಡವಳಿಗೆ ಊರೆಲ್ಲ ಹೆಸರು. ಚಿಕ್ಕವಳು ಏನು ಹೊಲಿದು ತೋರಿಸಿದರೂ ದೊಡ್ಡವಳು ತಲೆ ಎತ್ತದೆ "ಚೆನ್ನಾಗಿದೆ ಕಣೇ" ಅನ್ನುತ್ತಾಳೆ. ಚಿಕ್ಕವಳು ಆ ಮಾತನ್ನೇ ನೆಚ್ಚಿಕೊಂಡು ಬದುಕುತ್ತಾಳೆ. ಒಂದು ದಿನ ಅವಳು ಬೇಕೆಂದೇ ರವಿಕೆಯೊಂದಕ್ಕೆ ಒಂದು ತೋಳನ್ನು ತಿರುವುಮುರುವಾಗಿ ಕೂರಿಸಿ ತಂದು ಹಿಡಿಯುತ್ತಾಳೆ. ದೊಡ್ಡವಳು ಗುಂಡಿಗೆ ಬಟ್ಟೆ ಸುತ್ತುತ್ತ ಹೇಳುತ್ತಾಳೆ: "ಚೆನ್ನಾಗಿದೆ ಕಣೇ." ಚಿಕ್ಕವಳು ರವಿಕೆಯನ್ನು ಮೇಜಿನ ಮೇಲಿಟ್ಟು ಬೀದಿಗಿಳಿಯುತ್ತಾಳೆ. ಪುಟ ತಿರುಗಿಸಿದರೆ ಮತ್ತೆ ಮೂರನೆಯ ಅಧ್ಯಾಯ.

ಇವಳ ಕಿವಿ ಬಿಸಿಯಾಯಿತು. ಆ "ಕಣೇ" ಯಾರದೆಂದು ಬೇರೆ ಯಾರೂ ಹೇಳಬೇಕಿರಲಿಲ್ಲ. ತನ್ನ ಮಾತನ್ನೇ ಕದ್ದಿದ್ದಾಳಲ್ಲ ಎಂದು ಮೊದಲು ಸಿಟ್ಟು ಬಂತು. ತಾನು ಇಷ್ಟು ದಪ್ಪ ಚರ್ಮದವಳೇ ಎಂದು ಆಮೇಲೆ. ಪುಸ್ತಕ ಬರೆದು ಮುಗಿಸಿದ ಮೇಲೂ ತಂದು ಇವಳ ಕೈಗೇ ಕೊಟ್ಟು, ಓದಿ ಹೂಂ ಅನ್ನಿ ಎಂದಿದ್ದಳಲ್ಲ! ಇವಳು ಹೂಂ ಅಂದೂ ಆಗಿತ್ತು.

ಆದರೆ ಈ ಎಲ್ಲದರ ಜತೆಗೆ ಇನ್ನೊಂದು ಕಾಟ ಶುರುವಾಯಿತು. ಆ ಚಿಕ್ಕವಳು ಎಲ್ಲಿಗೆ ಹೋದಳು? ತಿರುಗಿ ಬಂದಳೇ? ವರ್ಷವಿಡೀ ಕೊನೆಯನ್ನೇ ಮೊದಲು ತಿಂದವಳಿಗೆ, ಈಗ ಕೊನೆ ಬೇಕೆಂದು ಪ್ರಾಣ ಹೋಗುತ್ತಿದ್ದರೂ ಸಿಗುವಂತಿರಲಿಲ್ಲ. ಅದು ಇದ್ದದ್ದು ಒಬ್ಬಳ ಹತ್ತಿರ ಮಾತ್ರ. ಕೇಳಿದರೆ ಮಾನ ಹೋಗುತ್ತದೆ. ಕೇಳದೆ ಇರಲು ಮನಸ್ಸು ಬಿಡುತ್ತಿಲ್ಲ.

ಮರುದಿನ ಸಂಜೆ ಲ್ಯಾಬಿನಲ್ಲಿ ವಾರಗಿತ್ತಿ ಕೊನೆಯ ರೋಗಿಯ ತೋಳಿಗೆ ಹತ್ತಿ ಒತ್ತಿ ಕಳಿಸುತ್ತಿದ್ದಳು. ಇವಳನ್ನು ಕಂಡು ಕೈಗವಸು ಕಿತ್ತು, ಎರಡೂ ಕೈ ಚಾಚಿದಳು. ಇವಳು ಪುಸ್ತಕ ಕೊಟ್ಟಳು. ಅವಳು ಹಿಂದಿನಿಂದ ತೆರೆದಳು. ಅವಳ ಮುಖ ನಿಧಾನಕ್ಕೆ ಇಳಿಯುವುದನ್ನು ಇವಳು ನಿಂತು ನೋಡಬೇಕಾಯಿತು.

"ಇದೂ ಹಾಗೇ ಇದೆಯಲ್ಲ ಅಕ್ಕ."

"ಹೌದು. ನಾನು ಓದಿರಲಿಲ್ಲ ಕಣೇ. ಓದದೇ ಬರೆದೆ. ಗೆಳತಿ ಅಂದಿದ್ದೂ ಸುಳ್ಳು."

ವಾರಗಿತ್ತಿ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು. ಟ್ಯೂಬುಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು, ತೆಗೆದಳು, ಮತ್ತೆ ಸಿಕ್ಕಿಸಿದಳು. "ನೋವಾಗಲ್ಲ ಅಂತ ಸುಳ್ಳು ಹೇಳಿ ಚುಚ್ಚೋದು ನನ್ನ ಕೆಲಸ" ಎಂದಳು ಕೊನೆಗೆ. "ನೀವು ಯಾವಾಗ ಕಲಿತ್ರಿ?"

"ನಿನ್ನೆ ಓದಿದೆ. ಇದ್ದಷ್ಟನ್ನೂ. ಆ ಹುಡುಗಿ ಎಲ್ಲಿಗೆ ಹೋದಳು?"

"ಯಾಕೆ, ಇದಕ್ಕೂ ಫೋಟೊ ಹಾಕ್ಬೇಕಾ?"

"ಹಾಕಲ್ಲ. ನಿದ್ದೆ ಬರಲಿಲ್ಲ, ಅದಕ್ಕೆ."

ವಾರಗಿತ್ತಿ ಅನುಮಾನದಿಂದ ನೋಡಿದಳು. ಆಮೇಲೆ ಚೀಲದಿಂದ ಕೊನೆಯ ಅಧ್ಯಾಯದ ಬಿಡಿ ಹಾಳೆಗಳ ಕಂತೆ ತೆಗೆದು ಮೇಜಿನ ಮೇಲೆ ಹಾಕಿದಳು. "ಕೂತ್ಕೊಳ್ಳಿ. ಇಲ್ಲೇ, ನನ್ನ ಮುಂದೆ ಓದಿ."

ರೋಗಿಗಳ ಕುರ್ಚಿಯಲ್ಲಿ ಕೂತು, ತೋಳಿಡುವ ಹಲಗೆಯ ಮೇಲೆ ಹಾಳೆ ಇಟ್ಟುಕೊಂಡು ಓದಿದಳು. ಎದುರಿಗೆ ಅವಳು ಕೈಕಟ್ಟಿ ನಿಂತು, ಇವಳ ಕಣ್ಣು ಯಾವ ಸಾಲಿನಲ್ಲಿದೆ ಎಂದು ನೋಡುತ್ತಿದ್ದಳು. ಮುಗಿಯುವ ಹೊತ್ತಿಗೆ ಹೊರಗೆ ದೀಪ ಹತ್ತಿತ್ತು.

"ಹೇಗಿದೆ?"

'ಚೆನ್ನಾ...' ನಾಲಗೆಯ ತುದಿಗೆ ಬಂದದ್ದನ್ನು ಇವಳು ನುಂಗಿದಳು. "ಸರಿಯಿಲ್ಲ" ಎಂದಳು.

ವಾರಗಿತ್ತಿಯ ಕೈಕಟ್ಟು ಬಿಚ್ಚಿತು. "ಏನು ಸರಿಯಿಲ್ಲ?"

"ಆ ಚಿಕ್ಕವಳು ಮರುದಿನ ಬೆಳಿಗ್ಗೆ ಬಂದು, ತಾನೇ ತೋಳು ಬಿಚ್ಚಿ ಸರಿಯಾಗಿ ಕೂರಿಸಿ, ಏನೂ ಆಗಿಲ್ಲ ಅನ್ನೋ ಹಾಗೆ ಹೊಲಿಯೋಕೆ ಕೂರ್ತಾಳಲ್ಲ! ಹೀಗೂ ಇರ್ತಾರಾ? ಮೂರನೇ ಅಧ್ಯಾಯದಲ್ಲಿ ದಾರದ ಅಂಗಡಿಯವನನ್ನ ಬೀದೀಲಿ ನಿಲ್ಲಿಸಿ ಜಾಡಿಸಿದ ಹುಡುಗಿ ಅವಳು. ಇಲ್ಲಿ ಒಂದು ಮಾತೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯ್ತು."

"ಜಗಳ ಮಾಡಿದ್ರೆ ಅಂಗಡಿ ಒಡೆದು ಹೋಗುತ್ತೆ ಅಕ್ಕ. ಅವಳಿಗೆ ಇರೋದು ಆ ದೊಡ್ಡವಳೊಬ್ಬಳೇ."

"ಒಡೆಯಲ್ಲ. ಆ ದೊಡ್ಡವಳು ಅಷ್ಟೇನು ಕೆಟ್ಟವಳಲ್ಲ. ಸೋಮಾರಿ, ಹೊಗಳಿಕೆ ಅಂದ್ರೆ ಬಾಯಿ ಬಿಡ್ತಾಳೆ, ಅಷ್ಟೇ. ಮುಖಕ್ಕೆ ಹೊಡೆದ ಹಾಗೆ ಹೇಳಿದ್ರೆ ಕೇಳ್ತಾಳೆ."

"ಕೇಳ್ತಾಳಾ?"

"ಕೇಳ್ತಾಳೆ ಅನ್ಸುತ್ತೆ. ಮೊದಲು ಮುಖ ಊದಿಸ್ಕೊಂಡು ಕೂರ್ತಾಳೆ, ಅದೂ ನಿಜ."

ವಾರಗಿತ್ತಿ ಹಾಳೆಗಳನ್ನು ತನ್ನ ಕಡೆಗೆ ಎಳೆದುಕೊಂಡು, ಕೊನೆಯ ಹಾಳೆಯ ಮೇಲೆ ಅಡ್ಡಗೆರೆ ಎಳೆದಳು. ಲ್ಯಾಬಿನ ಬಾಗಿಲಿಗೆ ಚಿಲಕ ಹಾಕಿ ಬಂದು, ಉರುಳುಕುರ್ಚಿಯನ್ನು ಇವಳ ಮೊಣಕಾಲಿಗೆ ತಾಗುವಷ್ಟು ಹತ್ತಿರಕ್ಕೆ ಜಾರಿಸಿಕೊಂಡು ಕೂತಳು.

"ಸರಿ, ಕೇಳು ಹಾಗಾದ್ರೆ" ಎಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಇವಳನ್ನು ಏಕವಚನದಲ್ಲಿ ಕರೆದದ್ದು ಅವಳಿಗೆ ತಿಳಿಯಲೇ ಇಲ್ಲ. "ಪುಸ್ತಕದ ವಿಷಯ ಆಮೇಲೆ. ಮೊದಲು ನಾದಿನಿ ಮದುವೇಲಿ ನೀನು ನನಗೆ ಮಾಡಿದ್ದನ್ನ ತಗೊಳ್ಳೋಣ."

"ಅದಾ? ಅದು ಯಾವ ಕಾಲದ್ದೇ!"

"ನಡುವೆ ಮಾತಾಡ್ಬೇಡ" ಎಂದಳು ವಾರಗಿತ್ತಿ. "ಇದಿನ್ನೂ ಮೊದಲನೇ ಅಧ್ಯಾಯ."