ಯಜಮಾನರ ದರ್ಶನ

ಆ ಊರಿನಲ್ಲಿ ಹುಲಿ ಇಲ್ಲದ ಜಾಗವೆಂದರೆ ಕಾಡು ಒಂದೇ ಎಂದು, ಗಂಡ ಮಗಳೊಂದಿಗೆ ಹುಲಿ ನೋಡಲು ಬಂದ ದರ್ಜಿ ಹೆಂಗಸಿಗೆ ಮಾರನೆಯ ದಿನವೇ ಅನ್ನಿಸಿಬಿಟ್ಟಿತು. ಕ್ಷೌರದಂಗಡಿಯ ಬೋರ್ಡಿನಲ್ಲಿ ಮೀಸೆ ತಿರುವುವ ಹುಲಿ, ಪಂಕ್ಚರ್ ಹಾಕುವವನ ಗೋಡೆಯ ಮೇಲೆ ಹಲ್ಲು ಕಿರಿಯುವ ಹುಲಿ, ಲಾಡ್ಜಿನ ಟವೆಲ್ಲಿನ ಮೇಲೂ ಬಾಯಿ ತೆರೆದ ಹುಲಿ. ಮುಖ ಒರೆಸಿಕೊಳ್ಳಲು ಹೋದರೆ ಅದರ ಕೋರೆಹಲ್ಲು ನೇರ ಮೂಗಿಗೇ ಬರುತ್ತಿತ್ತು. ಉದ್ಯಾನದ ಗೇಟು ದಾಟಿ ಒಳಗೆ ಹೋದರೆ ಮಾತ್ರ ಜಿಂಕೆ, ಮತ್ತೆ ಜಿಂಕೆ, ಎದುರು ಜೀಪಿನಲ್ಲಿ ತಮ್ಮಂಥವೇ ಸಪ್ಪೆ ಮುಖಗಳು.

ಜೀಪಿನ ಡ್ರೈವರ್ ಎದುರಾದವರನ್ನೆಲ್ಲ, "ಯಜಮಾನ್ರು ಸಿಕ್ಕಿದ್ರಾ?" ಎಂದು ಕೇಳುತ್ತಿದ್ದ. ಪಾಪ, ಮಾಲೀಕರ ಹತ್ತಿರ ರಜೆ ಕೇಳಬೇಕೇನೋ ಎಂದು ಅವಳು ಮರುಗಿದ್ದಳು. ಕೊನೆಗೆ ಅವನೇ ದನಿ ತಗ್ಗಿಸಿ ಹೇಳಿದ. "ಒಳಗೆ ಹುಲಿ ಅನ್ನೋ ಹಾಗಿಲ್ಲಕ್ಕಾ. ಇದು ಅವ್ರ ಮನೆ. ಅವ್ರು ಯಜಮಾನ್ರು, ನಾವು ಬಾಡಿಗೆಯವ್ರು."

ಎರಡು ಸುತ್ತು ಮುಗಿದರೂ ಯಜಮಾನರ ಪತ್ತೆಯಿಲ್ಲ. ಗಂಡನಿಗೆ ಒಳಗೊಳಗೇ ಸಮಾಧಾನ. ಮಗಳು ಚಿನಕುರುಳಿ ಮಾತ್ರ ಊಟ ಬಿಟ್ಟು ಕೂತಳು. ರಮಿಸಿ, ಗದರಿಸಿ, ಮತ್ತೆ ರಮಿಸಿದ ಮೇಲೆ ವಿಷಯ ಹೊರಬಿತ್ತು. ಹುಲಿ ನೋಡಿದ್ದೇನೆಂದು ಹೋದ ತಿಂಗಳೇ ಅವಳು ಶಾಲೆಯಲ್ಲಿ ಹೇಳಿಕೊಂಡಿದ್ದಾಳೆ. ಅದು ಟೀಚರ ಕಿವಿಗೂ ಬಿದ್ದು, ನಾಳೆ ಬೆಳಗ್ಗೆ ಇಡೀ ಶಾಲೆಯ ಮುಂದೆ ನಿಂತು ವರ್ಣಿಸಬೇಕು.

"ನೋಡದೇ ಇದ್ದದ್ದನ್ನ ನೋಡಿದೆ ಅಂತ ಯಾಕೆ ಹೇಳ್ದೆ?"

"ಹೆಂಗೂ ಬರ್ತೀವಲ್ಲ, ಆಮೇಲೆ ನೋಡಿದ್ರಾಯ್ತು ಅಂದ್ಕೊಂಡೆ."

ಇನ್ನೊಬ್ಬರ ರವಿಕೆಯನ್ನು ಹೊಲಿಯುವ ಮೊದಲೇ "ಆಗಿದೆ, ಗುಂಡಿ ಹಚ್ಚೋದೊಂದು ಬಾಕಿ" ಎಂದು ಹೇಳಿಯೇ ಜೀವನ ನಡೆಸುವವಳು ಮಗಳಿಗೆ ಏನೆಂದು ಬುದ್ಧಿ ಹೇಳಿಯಾಳು? ಬಟ್ಟೆ ಮಡಚತೊಡಗಿದಳು. ಮಧ್ಯಾಹ್ನವೇ ಬಸ್ಸು.

ಆಗಲೇ ಹೊರಗಿನ ಪಡಸಾಲೆಯಲ್ಲಿ ಲಾಡ್ಜಿನೊಡತಿ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಯಜಮಾನ್ರು ನೀರಿನ ಟ್ಯಾಂಕಿನ ಹಿಂದೆ ಮಲ್ಗಿದ್ದಾರಾ? ಹೊಟ್ಟೆ ತುಂಬಿರುತ್ತೆ, ಏಳಲ್ಲ ಬಿಡಿ. ಯಾರೂ ಹತ್ರ ಹೋಗ್ಬೇಡಿ, ಸದ್ದಾದ್ರೆ ಓಡ್ತಾರೆ. ನಾನೇ ಬಂದು ಹಿಡೀತೀನಿ."

ದರ್ಜಿ ಹೆಂಗಸಿನ ಕೈಯಲ್ಲಿದ್ದ ಲಂಗ ಕೆಳಗೆ ಬಿತ್ತು. "ಕೇಳಿಸ್ತೇನ್ರೀ? ಟ್ಯಾಂಕಿನ ಹಿಂದೆ ಬಂದಿದ್ಯಂತೆ."

"ಆಯಮ್ಮ ಹಿಡೀತಾಳಂತಲ್ಲೇ," ಎಂದ ಗಂಡ ಬೆವರೊರೆಸಿಕೊಳ್ಳುತ್ತ. "ಬರಿಗೈಲಾ?"

"ಈ ಊರವ್ರಿಗೆ ಅಭ್ಯಾಸ ಇರುತ್ತೆ. ನಡೀರಿ."

ಮೂವರೂ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟರು. ಪಕ್ಕದ ಕೋಣೆಯ ಕ್ಯಾಮೆರಾದವನು ಇವರ ನಡಿಗೆ ನೋಡಿಯೇ ಅರ್ಥ ಮಾಡಿಕೊಂಡು ಬೆನ್ನುಹತ್ತಿದ. ಅವನ ಹಿಂದೆ ಮಹಡಿಯ ಹೊಸ ಜೋಡಿ. ಅಂಗಳ ದಾಟುವ ಹೊತ್ತಿಗೆ ಲಾಡ್ಜಿನಲ್ಲಿ ಉಳಿದದ್ದು ಟವೆಲ್ಲಿನ ಹುಲಿಗಳಷ್ಟೆ.

ಟ್ಯಾಂಕಿನ ಮರೆಯಿಂದ ಗೊರಗೊರ ಸದ್ದು ಬರುತ್ತಿತ್ತು. ಗಂಡ ಹೆಂಡತಿಯ ಬೆನ್ನಿಗಂಟಿಕೊಂಡ. ಚಿನಕುರುಳಿ ಮೊದಲು ಇಣುಕಿದಳು.

"ಅಮ್ಮಾ, ಇದು ಚಡ್ಡಿ ಹಾಕ್ಕೊಂಡಿದೆ."

ಪಟ್ಟೆಪಟ್ಟೆ ಹೊದಿಕೆಯ ಮೇಲೆ ಲಾಡ್ಜಿನೊಡತಿಯ ಗಂಡ ಅಂಗಾತ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದ. ಅಷ್ಟರಲ್ಲಿ ಒಡತಿಯೂ ಹಿಂದಿನಿಂದ ಬಂದಳು. "ಗೀಸರ್ ರಿಪೇರಿ ಮಾಡಿ ಅಂದ್ರೆ ಇಲ್ಲಿ ಬಂದು ಅಡಗಿದ್ದೀರಾ? ನೋಡಿ, ತಣ್ಣೀರು ಸ್ನಾನದವ್ರೆಲ್ಲ ನ್ಯಾಯ ಕೇಳೋಕೆ ಬಂದಿದ್ದಾರೆ."

ಅವನು ಎದ್ದು ಕೂತು ಅಷ್ಟೂ ಮುಖ ನೋಡಿದ. ಬಿಕ್ಕುತ್ತಿದ್ದ ಚಿನಕುರುಳಿಯ ಮೇಲೆ ಕಣ್ಣು ನಿಂತಿತು. ಹುಲಿ ಎಂದುಕೊಂಡು ಮಗು ಬಂದಿತ್ತೆಂದು ದರ್ಜಿ ಹೆಂಗಸು ನಾಚುತ್ತಲೇ ಹೇಳಿದಳು.

"ಅಯ್ಯೋ, ಅದಕ್ಯಾಕೆ ಅಳ್ತೀಯವ್ವ," ಎಂದ ಅವನು ಇನ್ನೂ ನಿದ್ದೆಗಣ್ಣಿನಲ್ಲೇ. "ಇಲ್ಲೇ ಹುಟ್ಟಿ ಬೆಳೆದ ನಾನೇ ಇವತ್ತಿನವರೆಗೆ ಒಂದು ಹುಲಿ ನೋಡಿಲ್ಲ."

ಒಡತಿ ಸೊಂಟದ ಮೇಲಿಟ್ಟ ಕೈ ಹಾಗೇ ನಿಂತಿತು. "ಏನಂದ್ರಿ? ಗೆಸ್ಟುಗಳಿಗೆಲ್ಲ ಹೇಳ್ತೀರಲ್ಲ, ಹಳ್ಳದಲ್ಲಿ ಎದುರಾಯ್ತು, ಕಣ್ಣಲ್ಲಿ ಕಣ್ಣಿಟ್ಟು ನಿಂತೆ ಅಂತ."

ಅವನ ನಿದ್ದೆ ಈಗ ಪೂರ್ತಿ ಬಿಟ್ಟಿತು. ಆದರೆ ತಡವಾಗಿತ್ತು. "ಒಬ್ರಿಗೆ ಹೇಳ್ಬಿಟ್ಟೆ. ಆಮೇಲೆ ಎಲ್ರಿಗೂ ಹೇಳ್ಬೇಕಾಯ್ತು."

"ಯಾವಾಗಿಂದ?"

"ಮದುವೆಗೆ ಮುಂಚಿಂದ."

"ಆ ಕಥೆ ಕೇಳೇ ಅಲ್ವೇನ್ರೀ ನಾನು ನಿಮ್ಮನ್ನ ಒಪ್ಪಿದ್ದು," ಎಂದಳು ಒಡತಿ, ಬಹಳ ಮೆಲ್ಲಗೆ. ಆ ಮೆಲುದನಿಗೆ ಕ್ಯಾಮೆರಾದವನೂ ಎರಡು ಹೆಜ್ಜೆ ಹಿಂದೆ ಸರಿದ. ಬಸ್ಸಿಗೆ ಹೊತ್ತಾಯಿತೆಂದು ದರ್ಜಿ ಹೆಂಗಸು ಮಗಳ ಕೈ ಹಿಡಿದು ಎಳೆದುಕೊಂಡು ಬಂದಳು.

ಬಸ್ಸು ಊರಿನ ಕೊನೆಯ ಹುಲಿ ಬೋರ್ಡು ದಾಟಿದ ಮೇಲೆ ಚಿನಕುರುಳಿ ಅಮ್ಮನ ಸೆರಗು ಜಗ್ಗಿದಳು.

"ಅಮ್ಮ, ನಾನು ನೋಡಿಲ್ಲ ಅಂತ ನಾಳೆ ಹೇಳ್ಬಿಡ್ತೀನಿ."

"ಎಲ್ರೂ ನಗ್ತಾರಲ್ಲೇ."

"ನಗಲಿ. ಒಂದಿನ ನಗ್ತಾರೆ." ಅವಳು ಅಮ್ಮನ ತೊಡೆಯ ಮೇಲೆ ತಲೆಯಿಟ್ಟಳು. "ಇಲ್ಲಾಂದ್ರೆ ಮದುವೆಯಾದ್ಮೇಲೂ ಹೇಳ್ತಾನೇ ಇರ್ಬೇಕಾಗುತ್ತೆ."